ಸರದಿಯ ಮನೆ ಮತ್ತು ಮಗಳ ಏಳು ಪಾಲು

ಒಂದು ಮನೆಗೆ ನಾಲ್ವರು ಹಕ್ಕುದಾರರಿದ್ದರೆ ಅದನ್ನು ಹಂಚಿಕೊಳ್ಳುವುದು ಹೇಗೆ? ನಮ್ಮ ಹಿರೇಹಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಈಗ ಬೆಲೆ ಬಂದಿದೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶ ಎದ್ದ ಮೇಲೆ ಅಜ್ಜನ ಕಾಲದ ಹೆಂಚಿನ ಮನೆಯೂ ಆಸ್ತಿಯೇ. ಹಿತ್ತಲಲ್ಲಿ ಸಾಲಾಗಿ ನಾಲ್ಕು ಕೋಣೆ ಹಾಕಿಸಿದರೆ ಕಾರ್ಖಾನೆಗೆ ದುಡಿಯಲು ಬರುವವರು ಬಾಡಿಗೆಗೆ ಸಿಗುತ್ತಾರೆ. ಅಬ್ಬಾ ಇರುವವರೆಗೆ ಬಾಡಿಗೆ ಅವರ ಕೈಗೆ ಬರುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ. ಅವರು ತೀರಿಕೊಂಡ ಮೇಲೆ ಲೆಕ್ಕ ಶುರುವಾಗುತ್ತದೆ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ತೀರಿಕೊಂಡಿದ್ದಾರೆ. ಉಳಿದವರು ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಸಾಲ, ವಸಿಯ್ಯತ್ ಎಲ್ಲ ಕಳೆದ ಮೇಲೆ ಕುರ್‌ಆನ್ ಗೊತ್ತುಮಾಡಿದ ಪಾಲು ಹೀಗಿದೆ. ಆಸ್ತಿಯನ್ನು 40 ಭಾಗ ಮಾಡಿದರೆ ತಾಯಿಗೆ ಎಂಟನೇ ಒಂದು ಅಂಶ, ಅಂದರೆ 5 ಭಾಗ. ಉಳಿದ 35ರಲ್ಲಿ ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ತಿಂಗಳಿಗೆ 4,000 ರೂಪಾಯಿ ಬಾಡಿಗೆ ಬಂದರೆ ಅಮ್ಮೀಗೆ 500, ಅಣ್ಣತಮ್ಮಂದಿರಿಗೆ ತಲಾ 1,400, ಮಗಳಿಗೆ 700. ಲೆಕ್ಕ ಐದು ನಿಮಿಷದ ಕೆಲಸ. ಆದರೆ ಗುಬ್ಬಿಗೋ ಕುಣಿಗಲ್ಲಿಗೋ ಮದುವೆಯಾಗಿ ಹೋದ ಮಗಳ ಮನೆ ಬಾಗಿಲಿಗೆ ಆ 700 ರೂಪಾಯಿ ಎಷ್ಟು ತಿಂಗಳು ಬರುತ್ತದೆ, ನೀವೇ ಹೇಳಿ.

ಈಗ ಕೋಣೆಗಳನ್ನು ಒಡೆದು ಹಂಚಲು ಬಾರದು ಎಂದಿಟ್ಟುಕೊಳ್ಳಿ. ಒಂದೇ ಅಂಗಡಿ ಮಳಿಗೆ, ಅಥವಾ ತೆಂಗಿನ ತೋಟದ ನಡುವೆ ಒಂದೇ ಕೊಳವೆಬಾವಿ. ಆಗ ನಮ್ಮ ರೈತರು ಏನು ಮಾಡುತ್ತಾರೆ? ಸರದಿ ಹಾಕಿಕೊಳ್ಳುತ್ತಾರೆ. ಸೋಮವಾರ ದೊಡ್ಡವನ ತೋಟಕ್ಕೆ ನೀರು, ಮಂಗಳವಾರ ಚಿಕ್ಕವನದಕ್ಕೆ. ಮದ್ರಸಾದಲ್ಲಿ ಫಿಕ್‌ಹ್ ಓದಿದವರಿಗೆ ಇದರ ಹೆಸರು ಗೊತ್ತು: ಮುಹಾಯಾತ್. ವಸ್ತುವನ್ನು ಹಂಚದೆ ಅದರ ಉಪಯೋಗವನ್ನು ಕಾಲದಿಂದ ಹಂಚಿಕೊಳ್ಳುವುದು. ಹನಫೀ ಗ್ರಂಥವಾದ ಹಿದಾಯಾದಲ್ಲಿ ಪಾಲು ಮಾಡುವ ಅಧ್ಯಾಯದ ಕೊನೆಗೆ ಇದಕ್ಕೆಂದೇ ಒಂದು ಭಾಗವಿದೆ. ಪ್ರವಾದಿ ಸಾಲಿಹ್‌ರ (ಅ) ಒಂಟೆಗೆ ಒಂದು ದಿನ, ಊರವರಿಗೆ ಒಂದು ದಿನ ಎಂದು ನೀರಿನ ಸರದಿ ಇದ್ದದ್ದನ್ನು ವಿದ್ವಾಂಸರು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಪಾಲುದಾರರಲ್ಲಿ ಒಬ್ಬರು ಸತ್ತರೂ ಸರದಿ ಮುರಿಯುವುದಿಲ್ಲ. ಆದರೆ ಯಾರಾದರೂ ನಿಜವಾದ ಪಾಲನ್ನೇ ಕೇಳಿದರೆ, ವಸ್ತು ಹಂಚಲು ಬರುವಂಥದ್ದಾದರೆ, ಸರದಿ ಬಿಟ್ಟು ಪಾಲು ಮಾಡಬೇಕು. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡ ಕಂಪನಿಗಳು ‘ಟೈಮ್‌ಶೇರ್’ ಎಂದು ಮಾರುವುದೂ ಒಂದು ರೀತಿಯಲ್ಲಿ ಈ ಸರದಿಯನ್ನೇ. ಮಡಿಕೇರಿಯಂಥ ಜಾಗದಲ್ಲಿ ರೆಸಾರ್ಟು, ವರ್ಷಕ್ಕೆ ಏಳು ದಿನ ನಿಮ್ಮದು, 25 ವರ್ಷದ ಸದಸ್ಯತ್ವ. ಹೋದರೂ ಹೋಗದಿದ್ದರೂ ವರ್ಷ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು. ಅಮೆರಿಕದಲ್ಲಿ ಇಂಥ ವಾರಗಳನ್ನು ಕ್ರಯಪತ್ರದ ಮೂಲಕವೇ ಮಾರುವುದುಂಟು, ಅಲ್ಲಿನವರು ಆ ವಾರವನ್ನು ಕುಟುಂಬದ ಟ್ರಸ್ಟಿಗೆ ಬರೆದಿಡುತ್ತಾರೆ, ಸತ್ತ ಮೇಲೆ ಮಕ್ಕಳು ಕೋರ್ಟಿಗೆ ಅಲೆಯಬಾರದೆಂದು. ನಮ್ಮ ದೇಶದಲ್ಲಿ ಹೆಚ್ಚಿನ ಮಟ್ಟಿಗೆ ಇದು ಬರೀ ಸದಸ್ಯತ್ವ. ರೆಸಾರ್ಟಿನ ಒಂದು ಇಟ್ಟಿಗೆಯೂ ನಿಮ್ಮದಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಹೆಸರೂ ಇಲ್ಲ. ಟ್ರಸ್ಟ್ ಪತ್ರದಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ಅದು ಟ್ರಸ್ಟಿಗೆ ಹೋಗುವುದಿಲ್ಲ. ಕಂಪನಿಯ ಕರಾರಿನಲ್ಲಿ ವರ್ಗಾವಣೆಗೆ ಅವಕಾಶವಿದೆಯೇ, ಟ್ರಸ್ಟಿನ ಹೆಸರಿಗೆ ಬರೆದುಕೊಡುತ್ತಾರೆಯೇ, ಬಾಕಿ ಶುಲ್ಕ ಎಷ್ಟು, ವರ್ಗಾವಣೆಗೆ ಎಷ್ಟು ಎಂದು ನೋಡಿ ಅವರ ಪುಸ್ತಕದಲ್ಲಿ ಹೆಸರು ಬದಲಾಯಿಸಬೇಕು. ಇಲ್ಲವಾದರೆ ಮಕ್ಕಳಿಗೆ ಉಳಿಯುವುದು ವಾರದ ರಜೆಯಲ್ಲ, ವರ್ಷದ ಬಿಲ್ಲು.

ಶರೀಅತ್ತಿನಲ್ಲಿ ಇದು ಸರಿಯೇ ಎಂದು ಕೇಳುವವರಿದ್ದಾರೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ನಡೆದ ಸಭೆಯಲ್ಲಿ ಷರತ್ತುಗಳೊಡನೆ ಇದನ್ನು ಒಪ್ಪಿದೆ. ದೂರ ಏಕೆ, ಮಕ್ಕಾದಲ್ಲಿ ಹರಮ್‌ನ ಎದುರಿಗೆ ನಿಂತಿರುವ ಗಡಿಯಾರ ಗೋಪುರದ ಸಮುಚ್ಚಯ ದೊರೆ ಅಬ್ದುಲ್ ಅಝೀಝ್‌ರ ಹೆಸರಿನ ವಕ್ಫ್ ಜಾಗದಲ್ಲಿದೆ. ಅಲ್ಲಿನ ಝಮ್‌ಝಮ್ ಗೋಪುರದ ಕೋಣೆಗಳನ್ನು ಕುವೈತಿನ ಕಂಪನಿಯೊಂದು ಗುತ್ತಿಗೆ ಹಿಡಿದು, ವರ್ಷಕ್ಕೆ ಇಂತಿಷ್ಟು ದಿನ ಎಂಬ ಲೆಕ್ಕದಲ್ಲಿ 24 ವರ್ಷಕ್ಕೆ ಮಾರಿತು. ಜಾಗ ವಕ್ಫ್‌ನದು, ವಾಸದ ದಿನಗಳು ಮಾತ್ರ ಕೊಂಡವರದು.

ಕೊಂಡವರು ಅವಧಿ ಮುಗಿಯುವ ಮೊದಲು ತೀರಿಕೊಂಡರೆ? ಇಲ್ಲಿ ಮದ್‌ಹಬ್‌ಗಳ ನಡುವೆ ಸ್ವಾರಸ್ಯವಾದ ಭೇದವಿದೆ. ನಮ್ಮ ಬಯಲುಸೀಮೆಯ ಹೆಚ್ಚಿನವರು ಪಾಲಿಸುವ ಹನಫೀ ಮತದ ಹಳೆಯ ನಿಯಮದಂತೆ ಬಾಡಿಗೆ ಕರಾರು ಕರಾರುದಾರನ ಸಾವಿನೊಡನೆ ಮುಗಿಯುತ್ತದೆ. ಮಂಗಳೂರು ಕಡೆಯ ಬ್ಯಾರಿ ಸಹೋದರಿಯರು ಪಾಲಿಸುವ ಶಾಫಿಈ ಮತದಲ್ಲಿ ಉಪಯೋಗದ ಹಕ್ಕೂ ಆಸ್ತಿಯೇ, ಅವಧಿ ಮುಗಿಯುವವರೆಗೆ ವಾರೀಸುದಾರರಿಗೆ ಹೋಗುತ್ತದೆ. ಕಂಪನಿಯ ಕರಾರು ಮಾತ್ರ ತನ್ನದೇ ನಿಯಮ ಬರೆದುಕೊಂಡಿರುತ್ತದೆ. ಆದ್ದರಿಂದ ಅದನ್ನು ಓದಿಸಿ.

ರೆಸಾರ್ಟಿನ ಮಾತು ಇಲ್ಲಿಗೆ ಸಾಕು. ನಮ್ಮಲ್ಲಿ ಎಷ್ಟು ಮನೆಗೆ ಅದು ಬೇಕು? ನನಗೆ ಚಿಂತೆ ಇರುವುದು ಹಿತ್ತಲಿನ ನಾಲ್ಕು ಕೋಣೆಗಳ ಬಗ್ಗೆ. ‘ಎಲ್ಲವನ್ನೂ ಒಂದು ಫ್ಯಾಮಿಲಿ ಟ್ರಸ್ಟ್ ಮಾಡಿಬಿಡೋಣ, ಮನೆ ಒಡೆಯುವುದು ಬೇಡ’ ಎಂಬ ಮಾತು ಬೆಂಗಳೂರಿನಿಂದ ನಮ್ಮ ಊರುಗಳಿಗೂ ಬಂದಿದೆ. ಮಾತು ಕೇಳಲು ಚೆಂದ. ಆದರೆ ಟ್ರಸ್ಟ್ ಎಂದರೆ ಏನೆಂದು ತಿಳಿದು ಸಹಿ ಮಾಡಿ.

1882ರ ಭಾರತೀಯ ಟ್ರಸ್ಟ್ ಕಾಯ್ದೆಯಂತೆ ಆಸ್ತಿಯ ಮಾಲೀಕ ಅದನ್ನು ಟ್ರಸ್ಟಿಗಳ ಹೆಸರಿಗೆ ವರ್ಗಾಯಿಸುತ್ತಾನೆ. ಟ್ರಸ್ಟಿಗಳು ಅದನ್ನು ಫಲಾನುಭವಿಗಳಿಗಾಗಿ ನೋಡಿಕೊಳ್ಳುತ್ತಾರೆ. ಮನೆ ಜಮೀನಿನಂಥ ಸ್ಥಿರಾಸ್ತಿಯಾದರೆ ಬದುಕಿರುವಾಗ ಮಾಡುವ ಟ್ರಸ್ಟ್ ಪತ್ರ ನೋಂದಣಿಯಾಗಲೇಬೇಕು. ಯಾರ ಉದ್ದೇಶಕ್ಕೆ, ಯಾರ ಪ್ರಯೋಜನಕ್ಕೆ, ಯಾವ ಆಸ್ತಿ ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಇಂಥ ಖಾಸಗಿ ಟ್ರಸ್ಟನ್ನು ಹುಟ್ಟದ ಮರಿಮಕ್ಕಳ ಮಕ್ಕಳವರೆಗೆ ಕಟ್ಟಿಹಾಕಲು ಬರುವುದಿಲ್ಲ. ಆ ಕಾಯ್ದೆಯೇ ತನ್ನ ಮೊದಲ ಕಲಮಿನಲ್ಲಿ ವಕ್ಫ್‌ನ ನಿಯಮಗಳನ್ನು ತಾನು ಮುಟ್ಟುವುದಿಲ್ಲ ಎಂದಿದೆ. ತಲೆತಲಾಂತರಕ್ಕೆ ನಡೆಯಬೇಕೆಂದರೆ ನಮ್ಮಲ್ಲಿ ಇರುವ ದಾರಿ ವಕ್ಫ್ ಅಲಲ್ ಔಲಾದ್, ಅಂದರೆ ಸಂತಾನಕ್ಕಾಗಿ ಮಾಡಿದ ವಕ್ಫ್. ವಂಶ ನಿಂತುಹೋದಾಗ ಅದರ ಆದಾಯ ಬಡವರಿಗೆ, ಸಮುದಾಯದ ಒಳಿತಿಗೆ ಹೋಗುತ್ತದೆ.

ಇದಕ್ಕೊಂದು ಚರಿತ್ರೆ ಇದೆ. 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಬಂಗಾಳದ ಇಬ್ಬರು ಸಹೋದರರ ವಕ್ಫ್ ಮೊಕದ್ದಮೆಯಲ್ಲಿ, ಬಡವರಿಗೆ ಎಂದೋ ಒಂದು ದಿನ ಸಿಗಬಹುದಾದ ಪಾಲನ್ನು ನೆಪ ಮಾಡಿ ಕುಟುಂಬಕ್ಕೇ ಆಸ್ತಿ ಇಟ್ಟುಕೊಳ್ಳುವ ವಕ್ಫ್ ಸಿಂಧುವಲ್ಲ ಎಂದು ತೀರ್ಪು ಕೊಟ್ಟಿತು. ದೇಶದ ಮುಸ್ಲಿಮರು ನೊಂದರು. ಮೌಲಾನಾ ಶಿಬ್ಲಿ ನುಅಮಾನಿಯವರು ಊರೂರಿನ ಉಲಮಾಗಳ ಅಭಿಪ್ರಾಯ ಒಟ್ಟುಗೂಡಿಸಿದರು. ಶಾಸನ ಸಭೆಯಲ್ಲಿ ಮುಹಮ್ಮದ್ ಅಲೀ ಜಿನ್ನಾ ಮಂಡಿಸಿದ ಮಸೂದೆ 1913ರಲ್ಲಿ ಕಾಯ್ದೆಯಾಯಿತು. ಅದಕ್ಕಿಂತ ಹಿಂದಿನ ವಕ್ಫ್‌ಗಳಿಗೂ ಅದು ಅನ್ವಯಿಸುತ್ತದೆ ಎಂದು 1930ರಲ್ಲಿ ಇನ್ನೊಂದು ಕಾಯ್ದೆ ಬಂತು.

ನಮ್ಮ ಪೂರ್ವಿಕರು ಇದಕ್ಕಾಗಿ ಹೋರಾಡಿದ್ದು ನಿಜ. ಆದರೆ ಕೆಲವು ಕಡೆ ಇದೇ ವಕ್ಫ್ ಹೆಣ್ಣುಮಕ್ಕಳ ಮೀರಾಸ್ ತಪ್ಪಿಸುವ ಉಪಾಯವಾದದ್ದೂ ನಿಜ. ‘ಗಂಡು ಸಂತಾನಕ್ಕೆ ಮಾತ್ರ’ ಎಂದು ಪತ್ರದಲ್ಲಿ ಬರೆದರೆ ಆ ಏಳು ಭಾಗ ಹೋಯಿತು. ಈಜಿಪ್ಟ್ 1952ರಲ್ಲಿ ಕುಟುಂಬದ ವಕ್ಫ್‌ಗಳನ್ನೇ ರದ್ದು ಮಾಡಿತು, ಸಿರಿಯಾ ಅದಕ್ಕೂ ಮೂರು ವರ್ಷ ಮೊದಲು. ತಲೆಮಾರು ಕಳೆದಂತೆ ಒಂದು ಮನೆಗೆ ನೂರಾರು ಹಕ್ಕುದಾರರಾಗಿ, ಯಾರೂ ಹೆಂಚು ಹೊದಿಸದೆ ಮನೆ ಬಿದ್ದುಹೋಗುವುದು ಅಲ್ಲಿನ ದೂರುಗಳಲ್ಲಿ ಒಂದಾಗಿತ್ತು.

ಮೊದಲ ಪೀಳಿಗೆಯವರು ಹೇಗೆ ಮಾಡಿದ್ದರು ನೋಡಿ. ಹಝ್ರತ್ ಝುಬೈರ್ (ರ) ತಮ್ಮ ಮನೆಗಳನ್ನು ವಕ್ಫ್ ಮಾಡಿದಾಗ, ಗಂಡನಿಂದ ಬೇರ್ಪಟ್ಟು ಮರಳಿದ ಮಗಳಿಗೆ ಅಲ್ಲಿ ವಾಸದ ಹಕ್ಕು ಇಟ್ಟರು. ಆಕೆ ಯಾರಿಗೂ ತೊಂದರೆ ಕೊಡಬಾರದು, ಆಕೆಗೂ ಯಾರೂ ತೊಂದರೆ ಕೊಡಬಾರದು. ಮತ್ತೆ ಮದುವೆಯಾಗಿ ನೆಲೆ ಸಿಕ್ಕಿದರೆ ಆ ಹಕ್ಕು ಇಲ್ಲ. ಬುಖಾರಿಯಲ್ಲಿ ಇದರ ಉಲ್ಲೇಖವಿದೆ. ತವರಿಗೆ ಮರಳಿದ ಮಗಳನ್ನು ಹೊರೆ ಎನ್ನುವ ನಮ್ಮ ಕಾಲದ ಅಣ್ಣಂದಿರು ಇದನ್ನೊಮ್ಮೆ ಓದಬೇಕು. ಹಝ್ರತ್ ಉಮರ್ (ರ) ಖೈಬರಿನ ತಮ್ಮ ಜಮೀನನ್ನು ವಕ್ಫ್ ಮಾಡಿ, ತಮ್ಮ ನಂತರ ಅದರ ಉಸ್ತುವಾರಿಯನ್ನು ಮಗಳು ಹಫ್ಸಾರಿಗೆ (ರ) ಒಪ್ಪಿಸಿದರು. ಮುತವಲ್ಲಿ ಎಂದರೆ ಗಂಡಸೇ ಎಂದು ಭಾವಿಸುವುದು ನಮ್ಮ ರೂಢಿ, ಶರೀಅತ್ತಿನದಲ್ಲ.

ಈಗ ಕಾನೂನು ಎಲ್ಲಿಗೆ ಬಂದಿದೆ? 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಕ್ಫ್ ತಿದ್ದುಪಡಿ ಕಾಯ್ದೆಯನ್ನು ಸಮುದಾಯದ ಸಂಘಟನೆಗಳು ಬಲವಾಗಿ ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋದವು. 2025ರ ಸೆಪ್ಟೆಂಬರ್ 15ರಂದು ಕೋರ್ಟು ಕೆಲವು ಕಲಮುಗಳಿಗೆ ತಡೆ ಕೊಟ್ಟಿತು. ಆ ವಿವಾದ ಬೇರೆ, ಇಲ್ಲಿ ಅದನ್ನು ಎತ್ತುವುದಿಲ್ಲ. ಆದರೆ ವಕ್ಫ್ ಅಲಲ್ ಔಲಾದ್ ಮಾಡುವುದರಿಂದ ಹೆಣ್ಣುಮಕ್ಕಳೂ ಸೇರಿದಂತೆ ಯಾವ ವಾರೀಸುದಾರರ ಹಕ್ಕೂ ತಪ್ಪಬಾರದು ಎಂಬ ಕಲಮು ಆ ಕಾಯ್ದೆಯಲ್ಲಿದೆ, ಅದು ಆ ತಡೆಯಲ್ಲಿ ಸೇರಿಲ್ಲ. ಇನ್ನು ಬಾಯಿಮಾತಿನಲ್ಲಿ ವಕ್ಫ್ ಮಾಡುವಂತಿಲ್ಲ, ವಕ್ಫ್ ಪತ್ರ ಬೇಕು. ವಕ್ಫ್ ಮಾಡುವವರು ಆ ಆಸ್ತಿಯ ನಿಜವಾದ ಒಡೆಯರೂ ಆಗಿರಬೇಕು.

ಈ ಕೊನೆಯ ಮಾತೇ ನಮ್ಮ ನಾಲ್ಕು ಕೋಣೆಯ ಮನೆಗೆ ಮುಖ್ಯ. ತಂದೆ ಬದುಕಿರುವಾಗ ತಮ್ಮ ಆಸ್ತಿಯನ್ನು ಟ್ರಸ್ಟಿಗೋ ವಕ್ಫ್‌ಗೋ ಬರೆಯಬಹುದು. ಮರಣರೋಗದ ಹಾಸಿಗೆಯಲ್ಲಿ ಬರೆದರೆ ಮಾತ್ರ ಮೂರನೇ ಒಂದು ಅಂಶದ ಮಿತಿ ಬರುತ್ತದೆ. ಆರೋಗ್ಯವಾಗಿದ್ದಾಗಲೂ ಮಕ್ಕಳ ನಡುವೆ ನ್ಯಾಯ ಬೇಕು. ತನ್ನ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟ ಬಶೀರ್‌ರಿಗೆ (ರ) ಸಾಕ್ಷಿಯಾಗಲು ಪ್ರವಾದಿವರ್ಯರು (ಸ) ಒಪ್ಪಲಿಲ್ಲ ಎಂಬುದನ್ನು ನೀವು ಕೇಳಿದ್ದೀರಿ. ಆದರೆ ತಂದೆ ತೀರಿಕೊಂಡ ಕ್ಷಣದಿಂದ ಆ 40 ಭಾಗಗಳಿಗೆ ನಾಲ್ವರು ಒಡೆಯರು. ಅಣ್ಣ ತನ್ನ 14 ಭಾಗವನ್ನು ಟ್ರಸ್ಟಿಗೆ ಹಾಕಬಹುದು, ತಂಗಿಯ 7ನ್ನು ಹಾಕಲಾರ. ಹಂಚದ ಪಾಲನ್ನು ವಕ್ಫ್ ಮಾಡಬಹುದೇ ಎಂಬಲ್ಲಿ ಇಮಾಮ್ ಅಬೂ ಯೂಸುಫ್ ಹೌದೆಂದರೆ, ಹಂಚಲು ಬರುವ ಆಸ್ತಿಯಲ್ಲಿ ಇಮಾಮ್ ಮುಹಮ್ಮದ್ ಬೇಡವೆನ್ನುತ್ತಾರೆ. ಮಸೀದಿ, ಕಬರಸ್ತಾನಕ್ಕಂತೂ ಹಂಚದ ಪಾಲು ಆಗದು. ಆದ್ದರಿಂದ ಮೊದಲು ಪಾಲು, ಆಮೇಲೆ ಟ್ರಸ್ಟ್ ಎಂಬುದೇ ನನ್ನ ಅಭಿಪ್ರಾಯ. ಕೋಣೆ ಒಡೆಯಬೇಕೆಂದಿಲ್ಲ, ಯಾರದೆಷ್ಟು ಎಂದು ಕಾಗದದಲ್ಲಿ ಬಂದರೆ ಸಾಕು. ಪಾಲು ಕೇಳಿದವಳು ಮನೆ ಒಡೆದವಳು ಎಂಬ ಮಾತಿಗೆ ಅಂಜಬೇಡಿ. ಪಾಲು ಕೇಳಿದರೆ ಸರದಿ ನಿಲ್ಲಬೇಕೆಂದು ಫಿಕ್‌ಹ್ ಹೇಳಿದ್ದನ್ನು ಮೇಲೆ ನೋಡಿದಿರಲ್ಲ.

ಭಾಯಿ ಒಂದು ದಿನ ಕಾಗದ ತಂದು, ‘ಟ್ರಸ್ಟಿಗೆ ಬೇಕು, ಇಲ್ಲೊಂದು ಸಹಿ ಹಾಕಮ್ಮಾ’ ಎಂದರೆ, ಪ್ರೀತಿಯಿಂದಲೇ ಹೇಳಿ: ‘ಒಂದು ವಾರ ನನ್ನ ಹತ್ತಿರ ಇರಲಿ ಭಾಯಿ.’ ಅದು ಹಕ್ಕು ಬಿಡುಗಡೆ ಪತ್ರವೋ ಟ್ರಸ್ಟ್ ಪತ್ರವೋ ಮೊದಲು ನೋಡಿ. ಎರಡೂ ಒಂದೇ ಅಲ್ಲ. ಬಿಡುಗಡೆ ಪತ್ರಕ್ಕೆ ಸಹಿ ಬಿದ್ದರೆ ನೀವು ಹೊರಗೆ. ಟ್ರಸ್ಟ್ ಪತ್ರವಾದರೆ ಫಲಾನುಭವಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು, ನಿಮ್ಮ ಮಕ್ಕಳ ಹೆಸರು, ಪಾಲಿನ ಅಂಕಿ ಇದೆಯೇ ಹುಡುಕಿ. ಟ್ರಸ್ಟಿಗಳಲ್ಲಿ ಒಬ್ಬ ಹೆಂಗಸಾದರೂ ಇರಲಿ. ಬಾಡಿಗೆ ಟ್ರಸ್ಟಿನ ಬ್ಯಾಂಕ್ ಖಾತೆಗೆ ಬಂದು, ಅಲ್ಲಿಂದ ನಿಮ್ಮ ಖಾತೆಗೆ ಬರುವಂತೆ ಬರೆಯಿಸಿ. ಕೈಯಿಂದ ಕೈಗೆ ಎಂದರೆ ಎರಡನೇ ವರ್ಷಕ್ಕೆ ಮರೆತುಹೋಗುತ್ತದೆ. ಟ್ರಸ್ಟನ್ನು ಯಾರು, ಯಾವಾಗ ಮುಚ್ಚಬಹುದು ಎಂಬುದೂ ಇರಬೇಕು. ವಕ್ಫ್ ಆದರೆ ಹಿಂದೆ ತೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ, ಆದ್ದರಿಂದ ಎರಡು ಸಲ ಯೋಚಿಸಿ.

ಮುದ್ರಾಂಕ ಶುಲ್ಕದ ವಿಷಯ ಒಂದು. ಹತ್ತಿರದ ಸಂಬಂಧಿಕರಿಗೆ ಮಾಡುವ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ರಿಯಾಯಿತಿ ಇದೆ. ಟ್ರಸ್ಟಿನ ಹೆಸರಿಗೆ ಬರೆದರೂ ಅದು ಸಿಗುತ್ತದೆ ಎಂದು ಭಾವಿಸಬೇಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ಕೇಳಿ. ಸಾಗುವಳಿ ಜಮೀನು ಇದ್ದರೆ ಭೂಸುಧಾರಣಾ ಕಾಯ್ದೆ ಬಲ್ಲ ವಕೀಲರನ್ನು ಕಾಣದೆ ಅದನ್ನು ಟ್ರಸ್ಟಿಗೆ ಸೇರಿಸಬೇಡಿ.

ನಿಮ್ಮ ತವರಿನ ಕಾಗದಪತ್ರ ಯಾರ ಬೀರುವಿನಲ್ಲಿದೆಯೋ ಗೊತ್ತಿಲ್ಲವಾದರೆ ಜಗಳ ಬೇಡ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆಯಬಹುದು, ಋಣಭಾರ ಪತ್ರವೂ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಈಗ ಯಾರ ಹೆಸರಿದೆ ಎಂದು ನೋಡಿ. ಅಬ್ಬಾ ತೀರಿಕೊಂಡು ವರ್ಷಗಳಾದರೂ ಅವರದೇ ಹೆಸರಿದ್ದರೆ, ಪೌತಿ ಖಾತೆಗೆ ಅರ್ಜಿ ಕೊಡುವಾಗ ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋಗದಂತೆ ನೀವೇ ಎದುರಿಗೆ ನಿಂತು ಬರೆಸಿ.