ಕುಗ್ಗಿಸಿದ ಚಿತ್ರವು ಹಿಗ್ಗುವದೇಕೆ?

ನಮ್ಮ ಶಾಲೆಯ ಮಾಜಿ ವಿದ್ಯಾರ್ಥಿನಿಯರ ಮನೆಗಳಲ್ಲಿ ಮದುವೆ, ನಾಮಕರಣ, ಶಾಲಾ ಸ್ನೇಹಸಮ್ಮೇಲನ ಮುಂತಾದವುಗಳ ಡಿವಿಡಿಗಳು ಇನ್ನೂ ಇರುವವೆಂದು ನಾನು ಬಲ್ಲೆನು. ಅವುಗಳನ್ನು ತೋರಿಸುವ ಯಂತ್ರಗಳು ಮಾತ್ರ ಮನೆ ಬಿಟ್ಟು ಹೋಗುತ್ತಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಹಾಕುವ ಬಾಯಿಯೇ ಸಾಮಾನ್ಯವಾಗಿ ಇರುವದಿಲ್ಲ. ಆದಕಾರಣ ಅನೇಕ ಸೋದರಿಯರು ಆ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಿ, ಕುಗ್ಗಿಸಿ, ದೂರದಲ್ಲಿರುವ ಮಕ್ಕಳಿಗೆ ಕಳುಹಬೇಕೆಂದು ಯತ್ನಿಸುತ್ತಾರೆ. ಆಗ ಒಂದು ವಿಚಿತ್ರವಾದ ತೊಂದರೆಯು ಒದಗುವದುಂಟು: ಕುಗ್ಗಬೇಕಾದ ಫೈಲು ಮೂಲ ಡಿಸ್ಕಿಗಿಂತಲೂ ದೊಡ್ಡದಾಗಿ ಹೊರಬೀಳುವದು. ಇದು ಯಾಕೆ ಆಗುವದು, ಆದರೆ ಏನು ಮಾಡತಕ್ಕದ್ದು ಎಂಬದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ನನಗೆ ಈ ಪಾಠ ಕಲಿಸಿದ್ದು ಕನಮಡಿಯ ಒಂದು ಮದುವೆಯ ಡಿಸ್ಕು. ನಮ್ಮ ಸೋದರತ್ತೆಯವರ ಮಗಳ ಮದುವೆಯು 1994ರಲ್ಲಿ ಆ ಊರಲ್ಲಿಯೇ ಜರುಗಿತು. ಅದನ್ನು ವಿಎಚ್‌ಎಸ್ ಕ್ಯಾಸೆಟಿನಲ್ಲಿ ತೆಗೆಸಿದ್ದರು. 2007ರಲ್ಲಿ, ಆಗ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ ನಮ್ಮ ಜಿಲ್ಲಾಸ್ಥಳದ ಒಂದು ಸ್ಟುಡಿಯೋದಲ್ಲಿ ಕ್ಯಾಸೆಟನ್ನು ಡಿವಿಡಿಗೆ ಇಳಿಸಲಾಯಿತು. ಚಿತ್ರವು 2 ಗಂಟೆಯದು. ಡಿಸ್ಕಿನಲ್ಲಿ ಅದು ಹಿಡಿದ ಸ್ಥಳ 4.3 ಗಿಗಾಬೈಟ್. ಪುಣೆಯಲ್ಲಿರುವ ಅತ್ತೆಯವರ ಮೊಮ್ಮಗಳಿಗೆ ಕಳುಹುವದಕ್ಕಾಗಿ ನಾನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಕುಗ್ಗಿಸಿದೆನು. ರಾತ್ರಿಯೆಲ್ಲ ಯಂತ್ರವು ದುಡಿದು ಬೆಳಿಗ್ಗೆ ಕೊಟ್ಟ ಫೈಲು 5.2 ಗಿಗಾಬೈಟ್ ಇತ್ತು! ಯಂತ್ರ ಕೆಟ್ಟಿದೆಯೆಂದು ಭಾವಿಸಿ ಎರಡನೆಯ ಸಾರೆಯೂ ಮಾಡಿದೆನು, ಫಲ ಅದೇ.

ಯಂತ್ರವು ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನೇ ಅದು ಮಾಡಿತ್ತು.

ಚಲಚ್ಚಿತ್ರವೆಂದರೆ ಒಂದು ಸೆಕೆಂದಿಗೆ 25 ಸ್ಥಿರ ಚಿತ್ರಗಳು. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಪ್ರತಿಯೊಂದು ಚಿತ್ರವು 720 ಅಡ್ಡ ಹಾಗೂ 576 ಉದ್ದ ಬಿಂದುಗಳದ್ದು. ಇವೆಲ್ಲವನ್ನೂ ಪೂರ್ತಿಯಾಗಿ ಬರೆದಿಡುವದು ಅಸಾಧ್ಯ. ಆದಕಾರಣ ಡಿವಿಡಿಯ ಎಂಪೆಗ್-2 ಪದ್ಧತಿಯಾಗಲಿ, 2003ರಲ್ಲಿ ಬಂದ ಎಚ್.264 ಪದ್ಧತಿಯಾಗಲಿ, ಆಗಾಗ್ಗೆ ಒಂದು ಪೂರ್ಣ ಚಿತ್ರವನ್ನು ಬರೆದು, ನಡುವೆ ಬರುವ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತವೆ. ಹಿಂದಿನ ಗೋಡೆ ಅಲುಗಾಡದಿದ್ದರೆ ಅದಕ್ಕೆ ಬಹುತೇಕ ಏನೂ ಖರ್ಚಿಲ್ಲ. ಆದರೆ ಹಳೆಯ ಕ್ಯಾಸೆಟಿನ ಗೋಡೆಯು ಅಲುಗಾಡದೆ ಇರುವದಿಲ್ಲ. ಟೇಪಿನ ಸೂಕ್ಷ್ಮ ಕಲೆಗಳು, ಬಣ್ಣದ ನಡುಕ, ಮಿಣುಕು ಇವು ಪ್ರತಿಯೊಂದು ಚಿತ್ರದಲ್ಲಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ನಮ್ಮ ಕಣ್ಣು ಅವನ್ನು ಲೆಕ್ಕಿಸದು. ಯಂತ್ರಕ್ಕೆ ಅವೆಲ್ಲವೂ ಹೊಸ ಸಂಗತಿಗಳೇ. ಕಣದಲ್ಲಿ ತೂರದೆ ಜೋಳವನ್ನೂ ಹೊಟ್ಟನ್ನೂ ಕೂಡಿಯೇ ತುಂಬಿದರೆ ಚೀಲಗಳು ಎಷ್ಟು ಸಾಕಾದಾವು? ಯಂತ್ರಕ್ಕೆ ತೂರುವದು ತಿಳಿಯದು. ಮದುಮಗಳ ಮುಖ ಯಾವದು, ಟೇಪಿನ ಧೂಳಿ ಯಾವದು ಎಂಬ ಭೇದವನ್ನು ನಾವೇ ಮಾಡಿಕೊಡಬೇಕು.

ಮೇಲಾಗಿ ನಾನು ‘ಕಾನ್‌ಸ್ಟಂಟ್ ಕ್ವಾಲಿಟಿ’ ಎಂಬ ಕ್ರಮವನ್ನು ಆರಿಸಿದ್ದೆನು. ಇದರ ಅರ್ಥವು, ಎಷ್ಟು ಸ್ಥಳ ಬೇಕಾದರೂ ಹಿಡಿ, ಗುಣ ಮಾತ್ರ ಕಡಿಮೆ ಮಾಡಬೇಡ, ಎಂದು. ಆ ಗುಣವನ್ನು ಆರ್‌ಎಫ್ ಎಂಬ ಸಂಖ್ಯೆಯಿಂದ ಸೂಚಿಸುವರು. ಇಲ್ಲಿ ಸಂಖ್ಯೆಯು ಸಣ್ಣದಾದಷ್ಟೂ ಫೈಲು ದೊಡ್ಡದಾಗುವದು. ಹೊಸಬರು ಎಡವುವದು ಇಲ್ಲಿಯೇ. ಡಿವಿಡಿಯಂಥ ಚಿತ್ರಕ್ಕೆ 18ರಿಂದ 22ರ ವರೆಗೆ ಸಾಕೆಂದು ಹ್ಯಾಂಡ್‌ಬ್ರೇಕಿನವರೇ ಸೂಚಿಸಿರುವರು. ನಾನು ‘ಒಳ್ಳೆಯದೇ ಇರಲಿ’ ಎಂದು 16 ಇಟ್ಟಿದ್ದೆನು. ಸಂಖ್ಯೆಯನ್ನು 6ರಷ್ಟು ಏರಿಸಿದರೆ ಫೈಲು ಸುಮಾರು ಅರ್ಧಕ್ಕೆ ಇಳಿಯುವದೆಂಬದು ಸ್ಥೂಲವಾದ ಲೆಕ್ಕ.

ಈಗ ಪರೀಕ್ಷೆಯ ಕ್ರಮವನ್ನು ಹೇಳುವೆನು. ಇಡೀ ಚಿತ್ರವನ್ನು ರಾತ್ರಿಯೆಲ್ಲ ಕುಗ್ಗಿಸಿ ಬೆಳಿಗ್ಗೆ ನಿರಾಶೆಪಡುವದಕ್ಕಿಂತ, 2 ನಿಮಿಷದ ಎರಡು ತುಣುಕುಗಳನ್ನು ಮಾತ್ರ ಕುಗ್ಗಿಸಿ ನೋಡತಕ್ಕದ್ದು. ಒಂದು ಶಾಂತವಾದ ಭಾಗವಿರಲಿ, ಇನ್ನೊಂದು ಗದ್ದಲದ್ದಿರಲಿ. ನಾನು ಊಟದ ಪಂಕ್ತಿಯ 2 ನಿಮಿಷವನ್ನೂ ಅಕ್ಷತೆಯ 2 ನಿಮಿಷವನ್ನೂ ಆರಿಸಿಕೊಂಡೆನು. ಪಂಕ್ತಿಯ ತುಣುಕು 60 ಮೆಗಾಬೈಟ್ ಆಯಿತು, ಅಕ್ಷತೆಯದು 110. ಕಾರಣ ಸ್ಪಷ್ಟವೇ ಇದೆ: ನೂರಾರು ಕೈಗಳಿಂದ ಹಾರಿದ ಕಾಳುಗಳು ತೆರೆಯ ತುಂಬ ದಿಕ್ಕುದಿಕ್ಕಿಗೆ ಚದರುತ್ತಿರುವಾಗ ಯಂತ್ರವು ಯಾವದನ್ನು ಹಿಂದಿನ ಚಿತ್ರದಿಂದ ಎರವಲು ತಂದೀತು? ಅಕ್ಷತೆಯು ಎಲ್ಲರಿಗೂ ಶುಭವಾದರೂ ಫೈಲಿಗೆ ಅಶುಭವೆಂದು ಆ ದಿನ ನಾವು ನಕ್ಕೆವು. ತುಣುಕಿನ ಅಳತೆಯನ್ನು 60ರಿಂದ ಗುಣಿಸಿದರೆ 2 ಗಂಟೆಯ ಅಂದಾಜು ದೊರೆಯುವದು: 60 ಮೆಗಾಬೈಟಿಗೆ 3.6 ಗಿಗಾಬೈಟ್, 110ಕ್ಕೆ 6.6. ನನ್ನ 5.2 ಇವೆರಡರ ನಡುವೆ ಬಿದ್ದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ತರುವಾಯ ಒಂದೊಂದೇ ಬದಲಾವಣೆಯನ್ನು ಮಾಡಿ ಅದೇ ತುಣುಕುಗಳನ್ನು ತಿರುಗಿ ಕುಗ್ಗಿಸಿದೆನು. ಮೊದಲನೆಯದಾಗಿ, ಈ ಚಿತ್ರಗಳು ಬೆಸ ಸಾಲು, ಸಮ ಸಾಲು ಎಂದು ಎರಡು ಕಂತುಗಳಲ್ಲಿ ಹೆಣೆದವುಗಳು. ಒಂದು ಕಂತಿಗೂ ಇನ್ನೊಂದಕ್ಕೂ ಸೆಕೆಂದಿನ 50ನೆಯ ಒಂದು ಪಾಲಿನ ಅಂತರವಿರುವದು. ಯಾರಾದರೂ ಕೈ ಬೀಸಿದರೆ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವದು. ‘ಡೀಇಂಟರ್‌ಲೇಸ್’ ಎಂಬ ಆಯ್ಕೆಯಿಂದ ಇದನ್ನು ಬಿಡಿಸದಿದ್ದರೆ ಆ ಹಲ್ಲುಗಳನ್ನೆಲ್ಲ ಯಂತ್ರವು ನಿಷ್ಠೆಯಿಂದ ಬರೆದಿಡುವದು. ಆದರೆ ಅಲ್ಲಿಯೇ ಇರುವ ‘ಬಾಬ್’ ಎಂಬದನ್ನು ಆರಿಸಿದರೆ ಸೆಕೆಂದಿಗೆ 25 ಇದ್ದ ಚಿತ್ರಗಳು 50 ಆಗುವವು; ಸ್ಥಳ ಉಳಿಸಬೇಕೆಂಬವರಿಗೆ ಅದು ತಕ್ಕದ್ದಲ್ಲ. ಎರಡನೆಯದಾಗಿ, ವಿಎಚ್‌ಎಸ್ ಚಿತ್ರದ ಕೆಳ ಅಂಚಿನಲ್ಲಿ ನಡುಗುವ ಒಂದು ಪಟ್ಟಿಯನ್ನು ನೀವೆಲ್ಲರೂ ಕಂಡಿರಬಹುದು. ಅದನ್ನು ಕತ್ತರಿಸಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಮೂರನೆಯದು ‘ಡೀನಾಯ್ಸ್’, ಅಂದರೆ ತೂರುವ ಕೆಲಸ. ಇದರಿಂದಲೇ ಹೆಚ್ಚಿನ ಲಾಭವಾಯಿತು. ಆದರೆ ಇದರಲ್ಲಿಯೇ ಹೆಚ್ಚಿನ ಅಪಾಯವೂ ಇದೆ. ಹಗುರಾದ ಮಟ್ಟದಲ್ಲಿಟ್ಟಾಗ ಮಿಣುಕು ಅಡಗಿತು, ಮುಖಗಳು ಹಾಗೆಯೇ ಉಳಿದವು. ಆಸೆಯಿಂದ ಬಲವಾದ ಮಟ್ಟಕ್ಕೆ ಏರಿಸಿದೆನು. ಫೈಲು ಬಹಳ ಸಣ್ಣದಾಯಿತು ನಿಜ. ಆದರೆ ಇಳಕಲ್ಲ ಸೀರೆಯ ಮೇಲಿನ ಕಸೂತಿ ಮಾಯವಾಗಿ ಸೀರೆಯು ಬಣ್ಣ ಬಳಿದ ಹಲಗೆಯಂತಾಯಿತು, ಅತ್ತೆಯವರ ಮುಖದ ಸುಕ್ಕುಗಳು ಅಳಿಸಿ ಅವರು ಮೇಣದ ಗೊಂಬೆಯಂತೆ ತೋರಿದರು. ಹೊಟ್ಟಿನ ಸಂಗಡ ಕಾಳೂ ಹಾರಿತು. ಕೂಡಲೆ ಹಗುರಾದ ಮಟ್ಟಕ್ಕೇ ಮರಳಿದೆನು. ಯಾವ ಆಯ್ಕೆಯನ್ನು ಮಾಡುವಾಗಲೂ ಅಂಕಿಗಳನ್ನಷ್ಟೇ ನೋಡದೆ, ನಿಮಗೆ ಬೇಕಾದ ಮುಖವನ್ನು ನಿಲ್ಲಿಸಿ ನೋಡಿರಿ.

ಬೇರೆಯವರ ಡಿಸ್ಕುಗಳಲ್ಲಿ ಬೇರೆ ಕಾರಣಗಳೂ ಕಂಡುಬಂದಿವೆ. ಕೆಲವು ಡಿಸ್ಕುಗಳಲ್ಲಿ ಇಡೀ ಚಿತ್ರವು ಒಂದು ‘ಟೈಟಲ್’ ಆಗಿಯೂ, ಅದರ ಭಾಗಗಳು ಬೇರೆ ಟೈಟಲ್‌ಗಳಾಗಿಯೂ ಎರಡು ಸಾರೆ ಕಾಣಿಸುತ್ತವೆ. ಎಲ್ಲವನ್ನೂ ಕುಗ್ಗಿಸಿದರೆ ಒಂದೇ ಮದುವೆಯನ್ನು ಎರಡು ಸಾರೆ ಇಟ್ಟಂತಾಗುವದು. ಮೇಕ್‌ಎಂಕೆವಿ ಎಂಬ ತಂತ್ರಾಂಶವು ಕುಗ್ಗಿಸುವದೇ ಇಲ್ಲ. ಅದು ಹಳೆಯ ಸಾಮಾನನ್ನು ಹೊಸ ಚೀಲಕ್ಕೆ ಹಾಕುವದು, ಅಷ್ಟೆ. ಯಂತ್ರದ ಗ್ರಾಫಿಕ್ಸ್ ಭಾಗದಿಂದ ಕುಗ್ಗಿಸಿದರೆ ಕೆಲಸ ಬೇಗ ಮುಗಿಯುವದು, ಆದರೆ ಅಷ್ಟೇ ಗುಣಕ್ಕೆ ಸಾಮಾನ್ಯವಾಗಿ ಹೆಚ್ಚು ಸ್ಥಳ ಬೇಕಾಗುವದು. ಇನ್ನು ಕೆಲವೊಮ್ಮೆ ತಪ್ಪು ಅಳತೆಯದೇ: 4.7 ಗಿಗಾಬೈಟ್ ಎಂದು ಬರೆದ ಖಾಲಿ ಡಿಸ್ಕು ವಿಂಡೋಸಿನಲ್ಲಿ ಸುಮಾರು 4.38 ಎಂದೇ ತೋರುವದು, ಯಾಕಂದರೆ ಡಿಸ್ಕು ಮಾಡುವವರು ಸಾವಿರಗಳಿಂದ ಎಣಿಸುತ್ತಾರೆ, ವಿಂಡೋಸು 1024ರಿಂದ. ವಿಂಡೋಸಿನಲ್ಲಿ 4.5 ಎಂದು ತೋರಿದ ಫೈಲು ಅಂಥ ಡಿಸ್ಕಿನಲ್ಲಿ ಹಿಡಿಯದು. ಫ್ಯಾಟ್‌32 ಪದ್ಧತಿಯ ಪೆನ್‌ಡ್ರೈವಿನಲ್ಲಂತೂ 4 ಗಿಗಾಬೈಟಿಗೆ ಮೀರಿದ ಒಂದೇ ಫೈಲು ಕೂಡ್ರುವದಿಲ್ಲ.

ಇಂತಿಷ್ಟೇ ಇರಬೇಕೆಂಬ ಕಟ್ಟು ಇದ್ದಲ್ಲಿ ಗುಣದ ಸಂಖ್ಯೆಯನ್ನು ಬಿಟ್ಟು ‘ಎವರೇಜ್ ಬಿಟ್‌ರೇಟ್’ ಕ್ರಮವನ್ನು ಹಿಡಿಯಬೇಕು. ಉದಾಹರಣೆಗೆ 2 ಗಂಟೆಯ ಚಿತ್ರವು 2 ಗಿಗಾಬೈಟಿನೊಳಗೆ ಇರಬೇಕಾದರೆ, 1600 ಕೋಟಿ ಬಿಟ್‌ಗಳನ್ನು 7200 ಸೆಕೆಂದುಗಳಿಂದ ಭಾಗಿಸಿರಿ: ಸೆಕೆಂದಿಗೆ ಸುಮಾರು 2220 ಕಿಲೋಬಿಟ್ ಬರುವದು. ಧ್ವನಿಗೆ 160 ಕಳೆದು, ಸ್ವಲ್ಪ ಸಡಿಲು ಬಿಟ್ಟು, ಚಿತ್ರಕ್ಕೆ 2000 ಇಟ್ಟರೆ ಸಾಕು. ನಮ್ಮ ಗಣಿತದ ಗುರುಮಾತೆಯರು ಕಲಿಸಿದ ಭಾಗಾಕಾರವು ಇಲ್ಲಿ ಉಪಯೋಗಕ್ಕೆ ಬರುವದು.

ಧ್ವನಿಯ ವಿಷಯವಾಗಿ ಒಂದು ಮಾತು. ಕೆಲವು ಡಿಸ್ಕುಗಳಲ್ಲಿ ಧ್ವನಿಯನ್ನು ಕುಗ್ಗಿಸದೆ ಸೆಕೆಂದಿಗೆ 1536 ಕಿಲೋಬಿಟ್‌ನಂತೆ ಇಟ್ಟಿರುತ್ತಾರೆ; 2 ಗಂಟೆಗೆ ಅದೊಂದೇ ಸುಮಾರು 1.4 ಗಿಗಾಬೈಟ್ ತಿನ್ನುವದು. ಅದನ್ನು 160ಕ್ಕೆ ಇಳಿಸಿದರೆ 144 ಮೆಗಾಬೈಟ್ ಸಾಕು, ಕಿವಿಗೆ ಭೇದ ತಿಳಿಯುವದು ಕಷ್ಟ. ಅದಕ್ಕಿಂತ ಕೆಳಗೆ ಇಳಿಸುವ ಜಿಪುಣತನ ಬೇಡ. ನಮ್ಮ ಡಿಸ್ಕಿನಲ್ಲಿ ಸುರಗಿ ಸುತ್ತುವಾಗ ಅತ್ತೆಯವರು ಸೋಬಾನದ ಪದ ಹಾಡಿದ್ದಾರೆ. ಅವರು ಈಗಿಲ್ಲ. ಅವರ ಧ್ವನಿಯು ಈ ಲೋಕದಲ್ಲಿ ಇನ್ನೆಲ್ಲಿಯೂ ದಾಖಲಾಗಿಲ್ಲ. ಅವರು ಕ್ಯಾಮರಾದಿಂದ ದೂರ ಕುಳಿತಿದ್ದರಿಂದ ಪದವು ವಾಲಗದ ಹಿಂದೆ ಸಣ್ಣಗೆ ಕೇಳಿಬರುವದು. ಧ್ವನಿಯನ್ನು ಬಹಳ ಹಿಂಡಿದರೆ ಮೊದಲು ಕೆಡುವದು ಇಂಥ ದನಿಯೇ.

ಇದೇ ಕಾರಣದಿಂದ, ಕುಗ್ಗಿಸಿದ ಪ್ರತಿ ಕೈಗೆ ಬಂದಿತೆಂದು ಡಿಸ್ಕನ್ನು ಎಸೆಯುವವರನ್ನು ಕಂಡು ನನಗೆ ವ್ಯಸನವಾಗುವದು. ಕುಗ್ಗಿಸಿದ್ದನ್ನು ಮರಳಿ ಹಿಗ್ಗಿಸಿದರೆ ಹೋದದ್ದು ಬಾರದು. ಆದಕಾರಣ ಮೊಟ್ಟಮೊದಲು ಡಿಸ್ಕನ್ನು ಇದ್ದಕ್ಕಿದ್ದಂತೆ ಐಎಸ್‌ಓ ಎಂಬ ಒಂದೇ ಫೈಲಾಗಿ ನಕಲು ಮಾಡಿ ಇಡತಕ್ಕದ್ದು. ಸ್ಥಳದ ಭಯ ಬೇಡ. 1 ಟೆರಾಬೈಟಿನ ಡ್ರೈವಿನಲ್ಲಿ ಇಂಥ 200 ಡಿಸ್ಕುಗಳು ಹಿಡಿಯುವವು. ಮನೆಯಲ್ಲಿ ಬರೆದ ಡಿಸ್ಕುಗಳ ಒಳಪದರದ ಬಣ್ಣವು ಬಿಸಿಲು ಹಾಗೂ ಸೆಕೆಗೆ ಕ್ರಮೇಣ ಕೆಡುವದು. ನಮ್ಮ ಸೀಮೆಯ ಬೇಸಿಗೆಯನ್ನು ನಾನು ವರ್ಣಿಸಬೇಕಾಗಿಲ್ಲ. ಡಿಸ್ಕು ಅಲ್ಲಲ್ಲಿ ತಡೆದರೆ ಮೃದುವಾದ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಿ, ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಿರಿ. ಒಂದು ಓದದಿದ್ದುದನ್ನು ಇನ್ನೊಂದು ಓದುವದುಂಟು.

ಕನಮಡಿಯ ಮದುವೆಯು ಕಡೆಗೆ ಆರ್‌ಎಫ್ 21ರಲ್ಲಿ, ಹೆಣಿಕೆ ಬಿಡಿಸಿ, ಹಗುರಾಗಿ ತೂರಿ, ಧ್ವನಿ 160 ಇಟ್ಟು, 1.6 ಗಿಗಾಬೈಟಿಗೆ ಇಳಿಯಿತು. ಮೊಮ್ಮಗಳು ಅದನ್ನು ಪುಣೆಯಲ್ಲಿ ಫೋನಿನಲ್ಲಿಯೇ ನೋಡಿ, ವಾಲಗದ ಹಿಂದೆ ಹಾಡುತ್ತಿರುವವರು ಯಾರೆಂದು ಕೇಳಿದಳು.