ದೋಣಿಮನೆಗೆ ಎಷ್ಟು ದೊಡ್ಡ ಹೀಟರ್ ಬೇಕು?

ಲಂಡನ್ನಿನ ಕಾಲುವೆಯಲ್ಲಿ 30 ಅಡಿಯ ದೋಣಿಯೇ ನಮ್ಮ ಮನೆ. ಹಳೇ ಡೀಸೆಲ್ ಹೀಟರ್ ಈ ಚಳಿಗಾಲದಲ್ಲಿ ಕೈಕೊಟ್ಟಿತು. ಹೊಸದು ಯಾವುದು ತರೋದು? "5 ಕಿಲೋವ್ಯಾಟಿಂದೇ ಹಾಕ್ಸಿ, ಬೇಗ ಬೆಚ್ಚಗಾಗುತ್ತೆ" ಅಂದ್ರು ಪಕ್ಕದ ದೋಣಿಯವರು.

ಮಾತು ನಿಜವೇ. ಆದರೆ ಪುಟ್ಟ ಕ್ಯಾಬಿನ್ ಬೆಚ್ಚಗಾದ ಮೇಲೆ ದೊಡ್ಡ ಹೀಟರ್ ಗಂಟೆಗಟ್ಟಲೆ ಸಣ್ಣ ಉರಿಯಲ್ಲೇ ಓಡಬೇಕು. ಆಗ ಡೀಸೆಲ್ ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಕಟ್ಟುತ್ತೆ. ಹಾಗಾಗಿ 2 ಕಿಲೋವ್ಯಾಟಿನದನ್ನೇ ಆರಿಸಿದೆ.

ಉಳಿದ ದುಡ್ಡಿಗೆ ಹೊಗೆಕೊಳವೆಯನ್ನೂ ಹೊಸದಾಗಿ ಹಾಕಿಸಿ, ಮಗಳು ಮಲಗುವ ಕಡೆ ಇನ್ನೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತಂದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲೇ ಜೀವ ತೆಗೆಯುತ್ತೆ. ವಾಸದ ದೋಣಿಗಳಲ್ಲಿ ಈ ಅಲಾರಂ 2019ರಿಂದ ಇಲ್ಲಿ ಕಡ್ಡಾಯ. ಹೀಟರ್ ಕೊಳ್ಳೋ ಮೊದಲು ಕ್ಯಾಬಿನ್ ಅಳೆಯಿರಿ. ಹೊಗೆ ಹೋಗೋ ದಾರಿಯನ್ನೂ ನೋಡಿ.