ಬೋರ್ಡು ಬದಲಾಯಿತು, ಮನೆಗೆ ಸುದ್ದಿ ಮುಟ್ಟಿತೇ?

2020ರ ಏಪ್ರಿಲ್ 1. ಲಾಕ್‌ಡೌನ್ ಶುರುವಾಗಿ ಒಂದು ವಾರ ಕಳೆದಿತ್ತಷ್ಟೆ. ನಾವೆಲ್ಲ ಅಕ್ಕಿ, ಔಷಧದ ಚಿಂತೆಯಲ್ಲಿ ಮನೆಯೊಳಗೆ ಕುಳಿತಿದ್ದ ಆ ದಿನವೇ ಕರಾವಳಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು ಇಲ್ಲವಾದವು. ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿತು, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ. ಸರಿಯಾಗಿ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು.

ವಿಲೀನ ಬೇಕಿತ್ತೋ ಬೇಡವೋ ಎಂಬ ಚರ್ಚೆ ಸಾಕಷ್ಟು ಆಗಿದೆ. ಇಲ್ಲಿ ನಮಗಿರುವ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಬದಲಾವಣೆ ತರುವಾಗ ಮೇಲೆ ಕೂತವರು ಕೆಳಗಿನವರಿಗೆ ಏನು ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು? ಬ್ಯಾಂಕುಗಳಿಗೆ ಮಾತ್ರವಲ್ಲ, ನಾವು ನಡೆಸುವ ಶಾಲೆ, ಆಸ್ಪತ್ರೆ, ಅಂಗಡಿ, ಟ್ರಸ್ಟುಗಳಿಗೂ ಇದು ಪಾಠ.

ಹೆಸರಿನ ಹಿಂದಿನ ನಂಟು

ಕಾರ್ಪೊರೇಶನ್ ಬ್ಯಾಂಕ್ ಶುರುವಾದದ್ದು 1906ರಲ್ಲಿ, ಉಡುಪಿಯಲ್ಲಿ, 5,000 ರೂಪಾಯಿ ಬಂಡವಾಳದಿಂದ. ಅದರ ಸ್ಥಾಪಕ ಅಧ್ಯಕ್ಷರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಮುಸ್ಲಿಂ ವ್ಯಾಪಾರಿಯೊಬ್ಬರು ಊರಿನ ಇತರ ಹಿರಿಯರನ್ನು ಜೊತೆಗೆ ಕೂಡಿಸಿಕೊಂಡು ಕಟ್ಟಿದ ಬ್ಯಾಂಕು ಎಂಬ ಹೆಮ್ಮೆ ನಮ್ಮ ಅನೇಕ ಮನೆಗಳಲ್ಲಿತ್ತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಹುಟ್ಟಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು.

ಹಾಗಾಗಿ ಬೋರ್ಡಿನ ಹೆಸರು ಅಳಿಸಿದಾಗ ನೋವಾದದ್ದು ಸಹಜ. ಬದಲಾವಣೆ ಬೇರೆ, ಅದಕ್ಕೆ ಮನಸ್ಸು ಒಗ್ಗುವುದು ಬೇರೆ ಎಂದು ವಿಲಿಯಂ ಬ್ರಿಡ್ಜಸ್ ಎಂಬ ಅಮೆರಿಕದ ಲೇಖಕರು ಬರೆದಿದ್ದಾರೆ. ಬದಲಾವಣೆ ಒಂದು ತಾರೀಕಿಗೆ ಆಗಿಬಿಡ್ತದೆ, ಒಗ್ಗಲಿಕ್ಕೆ ಸಮಯ ಬೇಕು. ಹಳೆಯದನ್ನು ಕಳೆದುಕೊಂಡದ್ದಕ್ಕೆ ಬೇಸರಪಡಲು ಬಿಡದೆ, ‘ಹೊಸತೇ ಒಳ್ಳೆಯದು’ ಎಂದು ಭಾಷಣ ಮಾಡಿದರೆ ಜನ ಮನಸ್ಸು ಮುಚ್ಚಿಕೊಳ್ಳುತ್ತಾರೆ.

ಹೇಳಿದ್ದೇನು, ಕೇಳಿದ್ದೇನು?

2019ರ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹತ್ತು ಸರಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ಯೋಜನೆ ಪ್ರಕಟಿಸಿದರು. ಬಂಡವಾಳ, ಶಾಖೆಗಳ ಜಾಲ, ಸಾಲ ಕೊಡುವ ಶಕ್ತಿಯ ಲೆಕ್ಕ ಮುಂದಿಟ್ಟರು. ಯೂನಿಯನ್, ಆಂಧ್ರ, ಕಾರ್ಪೊರೇಶನ್ ಮೂರೂ ಬ್ಯಾಂಕುಗಳು ಫಿನಾಕಲ್ ಎಂಬ ಒಂದೇ ಬಗೆಯ ಸಾಫ್ಟ್‌ವೇರ್ ಬಳಸುವುದರಿಂದ ಕೂಡಿಸುವುದು ಸುಲಭ ಎಂದರು. ನೌಕರರನ್ನು ತೆಗೆಯುವುದಿಲ್ಲ ಎಂದು ಭರವಸೆ ಕೊಟ್ಟರು.

ಇವೆಲ್ಲ ಬೇಕಾದ ಮಾತುಗಳೇ. ಆದರೆ ಮನೆಯಲ್ಲಿ ಉಮ್ಮ ಕೇಳುವ ಪ್ರಶ್ನೆ ಇದಲ್ಲ. ‘ನನ್ನ ಪಾಸ್‌ಬುಕ್ ನಡೀತದಾ? ಅಡವಿಟ್ಟ ಚಿನ್ನ ಎಲ್ಲಿ ಬಿಡಿಸುದು? ಲಾಕರಿನ ಕೀ ಅದೇನಾ? ಮಗ ದುಬೈಯಿಂದ ಕಳಿಸುವ ದುಡ್ಡು ಇದೇ ಅಕೌಂಟಿಗೆ ಬರ್ತದಾ?’

ಈ ಕೊನೆಯ ಪ್ರಶ್ನೆಯಲ್ಲೇ ಪೇಚು ಇದ್ದದ್ದು. ಒಳ್ಳೆಯ ಕೆಲಸವೆಂದರೆ, ಎಲ್ಲವನ್ನೂ ಒಂದೇ ದಿನ ಬದಲಿಸಲಿಲ್ಲ. ವಿಲೀನದ ಬಳಿಕವೂ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ಸ್ವಲ್ಪ ಕಾಲ ನಡೆದವು. ವಿಜಯಾ ಬ್ಯಾಂಕಿನ ಕೋಡ್ 2021ರ ಮಾರ್ಚ್ 1ರಿಂದ ನಿಂತಿತು, ಕಾರ್ಪೊರೇಶನ್ ಬ್ಯಾಂಕಿನದ್ದು ಅದೇ ವರ್ಷದ ಏಪ್ರಿಲ್ 1ರಿಂದ, ಸಿಂಡಿಕೇಟ್‌ದ್ದು ಜುಲೈ 1ರಿಂದ. ಸಿಂಡಿಕೇಟ್‌ನವರಿಗೆ ನಿಯಮ ಸರಳವಾಗಿತ್ತು. ಮೊದಲ ನಾಲ್ಕು ಅಕ್ಷರ ಕೆನರಾದ್ದು, ಹಿಂದಿನ ಸಂಖ್ಯೆಗೆ 10,000 ಕೂಡಿಸಿದರೆ ಹೊಸ ಕೋಡ್. ವಿದೇಶದಿಂದ ಹಣ ತರಿಸಲು ಬೇಕಾದ ಸ್ವಿಫ್ಟ್ ಕೋಡ್ ಕೂಡ ಬದಲಾಯಿತು.

ಹೀಗೆ ಕಾಲಾವಕಾಶ ಇತ್ತು, ಸುತ್ತೋಲೆ ಇತ್ತು, ಮೊಬೈಲಿಗೆ ಸಂದೇಶವೂ ಬಂತು. ಆದರೆ ಆ ಸಂದೇಶ ಇಂಗ್ಲಿಷಿನಲ್ಲಿದ್ದರೆ ಓದುವವರು ಯಾರು? ಎಷ್ಟೋ ಮನೆಗಳಲ್ಲಿ ಬ್ಯಾಂಕಿಗೆ ಕೊಟ್ಟ ನಂಬರ್ ಗಲ್ಫಿನಲ್ಲಿರುವ ಮಗನ ಹಳೆಯ ಸಿಮ್ಮಿನದ್ದು. ಅವನು ಹಣ ಕಳಿಸುವ ಎಕ್ಸ್‌ಚೇಂಜಿನಲ್ಲಿ ವರ್ಷಗಳ ಹಿಂದೆ ಬರೆಸಿಟ್ಟ ಕೋಡ್ ಹಾಗೆಯೇ ಉಂಟು. ಕೋಡ್ ತಪ್ಪಿದರೆ ದುಡ್ಡು ತಡವಾಗ್ತದೆ, ಇಲ್ಲವೇ ವಾಪಸ್ ಹೋಗ್ತದೆ. ತಿಂಗಳ ಖರ್ಚಿಗೆ ಅದನ್ನೇ ನಂಬಿದ ಮನೆಗೆ ಹತ್ತು ದಿನ ತಡವಾದರೆ ಸಣ್ಣ ವಿಷಯವಲ್ಲ. ಸುತ್ತೋಲೆ ಹೊರಡಿಸಿದವರ ಲೆಕ್ಕದಲ್ಲಿ ಸುದ್ದಿ ಹೇಳಿ ಆಯಿತು, ನಮ್ಮ ಲೆಕ್ಕದಲ್ಲಿ ಅದು ಮುಟ್ಟಲೇ ಇಲ್ಲ.

ಹತ್ತರಲ್ಲಿ ಒಂದು ಪಾಲು

ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ಕಾಟರ್ 1995ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಸಂಸ್ಥೆಗಳು ಬದಲಾಗಲು ಹೊರಟು ಸೋಲುವುದಕ್ಕೆ ಎಂಟು ತಪ್ಪುಗಳನ್ನು ಅದರಲ್ಲಿ ಪಟ್ಟಿಮಾಡಿದರು. ಅದರಲ್ಲೊಂದು: ನಾಯಕರು ಹೇಳಬೇಕಾದದ್ದರ ಹತ್ತರಲ್ಲಿ ಒಂದು ಪಾಲನ್ನಷ್ಟೇ ಹೇಳುತ್ತಾರೆ. ಒಂದು ಸಭೆ, ಒಂದು ಪತ್ರ, ಮುಗೀತು. ಹೇಳಿದ್ದನ್ನು ತಾವೇ ನಡೆದು ತೋರಿಸದಿದ್ದರಂತೂ ಕೇಳಿದವರು ನಂಬುವುದೂ ಇಲ್ಲ.

ಇನ್ನೊಂದು ಮಾತು ನಾವು ಸೇರಿಸಬೇಕು. ದೊಡ್ಡ ಸುದ್ದಿಯನ್ನು ದೊಡ್ಡವರು ಹೇಳಲಿ, ಆದರೆ ‘ನನಗೇನಾಗ್ತದೆ’ ಎಂಬುದನ್ನು ಜನ ಕೇಳುವುದು ಪರಿಚಯದವರಲ್ಲಿ. ಬ್ಯಾಂಕಿನ ಮಟ್ಟಿಗೆ ಅದು ಕೌಂಟರಿನಲ್ಲಿ ಹೆಸರು ಹಿಡಿದು ಕರೆಯುವ ಗುಮಾಸ್ತ, ದಿನಾ ಬರುವ ಪಿಗ್ಮಿ ಏಜೆಂಟ್. ಬ್ಯಾರಿಯಲ್ಲೋ ತುಳುವಿನಲ್ಲೋ ಎರಡು ನಿಮಿಷ ವಿವರಿಸಬಲ್ಲವರು ಅವರೇ. ಆದರೆ ಅದೇ ಹೊತ್ತಿಗೆ ಅವರಿಗೂ ತಮ್ಮ ವರ್ಗಾವಣೆ, ಹೊಸ ವ್ಯವಸ್ಥೆಯ ಚಿಂತೆ. ಅವರಿಗೇ ಗೊತ್ತಿಲ್ಲದಿದ್ದರೆ ‘ಮೇಲಿನಿಂದ ಆರ್ಡರ್ ಬಂದಿಲ್ಲ, ನಾಳೆ ಬನ್ನಿ’ ಎಂಬುದೇ ಉತ್ತರ. ಅಲ್ಲಿಗೆ ನಂಬಿಕೆ ಹೋಯಿತು.

ನಮ್ಮ ಸಂಸ್ಥೆಗಳಲ್ಲಿ

ಇದು ಬ್ಯಾಂಕಿನವರನ್ನು ದೂರಿ ಸುಮ್ಮನಾಗುವ ವಿಷಯವಲ್ಲ. ನಮ್ಮ ಶಾಲೆಗಳಲ್ಲಿ ಫೀಸು ಆನ್‌ಲೈನ್ ಆಗುತ್ತಿದೆ. ತಂದೆ ಕಟ್ಟಿದ ಅಂಗಡಿಗೆ ಮಗ ಬಿಲ್ಲಿಂಗ್ ಸಾಫ್ಟ್‌ವೇರ್ ತರುತ್ತಾನೆ, ಇಪ್ಪತ್ತು ವರ್ಷ ದುಡಿದ ಕಾಕನಿಗೆ ಅದು ಗೊತ್ತಾಗುವುದು ಕಂಪ್ಯೂಟರ್ ಬಂದ ದಿನ. ಕಮಿಟಿ ಬದಲಾಗ್ತದೆ, ನಿಯಮ ಬದಲಾಗ್ತದೆ, ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ ಬಿಡುತ್ತೇವೆ. ಆಮೇಲೆ ‘ಜನ ಸಹಕಾರ ಕೊಡುವುದಿಲ್ಲ’ ಎಂಬ ದೂರು ಬೇರೆ.

ಬದಲಾವಣೆಗೆ ಮೊದಲು ಐದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಯಾಕೆ ಬದಲಾವಣೆ? ಏನೇನು ಬದಲಾಗ್ತದೆ? ಏನು ಬದಲಾಗುವುದಿಲ್ಲ? ಯಾವ ದಿನದಿಂದ? ಸಂಶಯ ಬಂದರೆ ಯಾರನ್ನು ಕೇಳುವುದು? ಮೊದಲು ಕೆಲಸಗಾರರಿಗೆ ಹೇಳಿ, ಆಮೇಲೆ ಹೊರಗಿನವರಿಗೆ. ನಷ್ಟ ಆಗುವವರಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಿರ್ಧಾರ ಆಗದ ವಿಷಯ ಇದ್ದರೆ ‘ಇನ್ನೂ ತೀರ್ಮಾನ ಆಗಿಲ್ಲ, ಇಂಥ ದಿನ ತಿಳಿಸ್ತೇವೆ’ ಎನ್ನುವುದರಲ್ಲಿ ಅವಮಾನ ಇಲ್ಲ. ಸುಮ್ಮನಿದ್ದರೆ ಆ ಜಾಗ ತುಂಬುವುದು ಗಾಳಿಸುದ್ದಿ. ಹೇಳಿದ ಮೇಲೆ ಕೇಳಿಸಿಕೊಳ್ಳಿ. ಯಾರೂ ಪ್ರಶ್ನೆ ಕೇಳಲಿಲ್ಲ ಅಂದರೆ ಎಲ್ಲರಿಗೂ ಅರ್ಥ ಆಯಿತು ಎಂದಲ್ಲ.

ಮನೆಯವರಿಗೂ ಒಂದು ಮಾತು. ಈ ಮೂರು ಹಳೆಯ ಬ್ಯಾಂಕುಗಳ ಖಾತೆ ನಿಮ್ಮಲ್ಲಿದ್ದರೆ ಒಮ್ಮೆ ಶಾಖೆಗೆ ಹೋಗಿ. ಈಗಿನ ಐಎಫ್‌ಎಸ್‌ಸಿ ಕೋಡ್ ಬರೆಸಿಕೊಂಡು ಗಲ್ಫಿನಲ್ಲಿರುವ ಮಗನಿಗೆ ಕಳಿಸಿ. ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇ ನೋಡಿ. ನಾಮಿನಿ ಹೆಸರು ಉಂಟಾ ಎಂದು ವಿಚಾರಿಸಿ. ಕಪಾಟಿನಲ್ಲಿ ಹಳೆಯ ಹೆಸರಿನ ಚೆಕ್‌ಬುಕ್ ಇದ್ದರೆ ಅದರಿಂದ ಯಾರಿಗೂ ಚೆಕ್ ಬರೆದುಕೊಡಬೇಡಿ, ಹೊಸತು ಕೇಳಿ ಪಡೆಯಿರಿ.